ಕೆಂಡದ ಕಲ್ಲಿನಿಂದ ಹನ್ನೆರಡು ಹೆಜ್ಜೆ

ಬೆಂಕಿಗುಡ್ಡದ ಬುಡದಲ್ಲಿ ಒಂದು ಗವಿ. ಗವಿಯಲ್ಲಿ ಜಕ್ಕವ್ವ ಎಂಬ ಗುರು ಇದ್ದಳು.

ಆ ನಾಡಿನಲ್ಲಿ ನದಿ ಹೆಪ್ಪುಗಟ್ಟಿತ್ತು, ಬಾವಿ ಹೆಪ್ಪುಗಟ್ಟಿತ್ತು, ಎಸೆದ ನೀರು ನೆಲ ಮುಟ್ಟುವ ಮೊದಲೇ ಹರಳಾಗುತ್ತಿತ್ತು. ಚಕಮಕಿ ಕಲ್ಲು ಎಷ್ಟು ಉಜ್ಜಿದರೂ ಕಿಡಿ ನಿಲ್ಲುತ್ತಿರಲಿಲ್ಲ. ಬೆಂಕಿ ಹುಟ್ಟುತ್ತಿದ್ದುದು ಒಂದೇ ಕಡೆ, ಆ ಗುಡ್ಡದ ಬಿರುಕಿನಲ್ಲಿ.

ಜನರಿದ್ದದ್ದು ಕೋಟೆಗಳಲ್ಲಿ. ಕೋಟೆಗಳಿದ್ದದ್ದು ಏಳು ದಿನದ ದಾರಿಯಾಚೆ. ನಡುವೆ ಬೋಳುಬಯಲು.

ಗುಡ್ಡದಿಂದ ಕೋಟೆಗೆ ಗಡಿಗೆಯಲ್ಲಿ ಕೆಂಡ ಹೊರುವವರಿಗೆ ಕೆಂಡದವರು ಎಂದು ಹೆಸರು. ಜಕ್ಕವ್ವ ಅವರ ಗುರು. ಓಬ ಅವಳ ಶಿಷ್ಯ. ಮೂವತ್ತು ದಾಟಿದವನು, ಐದು ವರ್ಷದಿಂದ ಅವಳ ಹತ್ತಿರ ಕಲಿಯುತ್ತಿದ್ದವನು, ಇನ್ನೂ ಒಂದು ಸಲವೂ ಕೋಟೆ ಕಾಣದವನು.

"ಬೂದಿ ಹೆಚ್ಚಾದರೆ ಕೆಂಡ ಉಸಿರು ಕಟ್ಟಿ ಸಾಯುತ್ತೆ," ಎಂದು ಜಕ್ಕವ್ವ ಹೇಳಿಕೊಡುತ್ತಿದ್ದಳು. "ಕಡಿಮೆಯಾದರೆ ತನ್ನನ್ನೇ ತಿಂದುಕೊಂಡು ಸಾಯುತ್ತೆ. ಅಂಗೈಯಲ್ಲಿ ತಿಳೀಬೇಕು. ಮುಟ್ಟಿ ನೋಡಿ ಹೇಳು, ಕಾವು ಎಷ್ಟಿದೆ?"

ಓಬ ಗಡಿಗೆಯ ಹೊಟ್ಟೆಗೆ ಅಂಗೈ ಇಟ್ಟ. "ಇನ್ನೊಂದು ಹಿಡಿ ಬೂದಿ ಬೇಕು ಅವ್ವ."

"ಹಾಕು."

"ದಾರಿಯಲ್ಲಿ ಊದಬಹುದಾ?"

"ಊದಬೇಡ. ಎಷ್ಟೇ ಚಳಿಯಾಗಲಿ, ಮುಚ್ಚಳ ತೆಗೆದು ಊದಬೇಡ."

"ಆಮೇಲೆ ಆರಿಹೋದರೆ?"

"ಆರಿದರೆ ಜೊತೆಯವರಿಗೆ 'ನನ್ನದು ಆರಿದೆ' ಅನ್ನು. ಅವರು ತಮ್ಮದರಲ್ಲಿ ಅರ್ಧ ಕೊಡಬೇಕು. ಬೈಯೋ ಹಾಗಿಲ್ಲ, ಹೇಗೆ ಆರಿತು ಅಂತ ಕೇಳೋ ಹಾಗಿಲ್ಲ. ನಮ್ಮವರಲ್ಲಿ ಇರೋದು ಇದೊಂದೇ ಕಟ್ಟಳೆ."

"ಅಷ್ಟೇನಾ?"

"ಅಷ್ಟೇ. ಎರಡು ಮಾತು. ಅದನ್ನು ಹೇಳಲಾರದೆ ಸತ್ತವರು ಬಹಳ ಜನ ಇದ್ದಾರೆ."

ಓಬ ನಕ್ಕ. ಎರಡು ಮಾತು ಹೇಳಲಾರದವನು ಎಂಥ ಗಂಡಸು ಎಂದುಕೊಂಡ.

"ಚೆನ್ನಾಗಿ ಕಲಿತವನ ಕೈ ಸುಡೋದಿಲ್ಲ," ಎಂದಳು ಜಕ್ಕವ್ವ.

ಓಬ ತನ್ನ ಕೈ ನೋಡಿಕೊಂಡ. ನಯವಾಗಿತ್ತು, ಒಂದು ಕಲೆಯೂ ಇರಲಿಲ್ಲ. ಅವಳ ಕೈ ನೋಡಿದ. ಎರಡು ಅಂಗೈಯೂ ಬೆಂದು ಒಣಗಿದ ತೊಗಲಿನ ಹಾಗಿದ್ದವು. ಬೆರಳುಗಳು ಪೂರ್ತಿ ಬಿಡಿಸಿಕೊಳ್ಳುತ್ತಿರಲಿಲ್ಲ.

"ಹಾಗಾದರೆ ನಿನ್ನ ಕೈ ಯಾಕವ್ವ ಹೀಗಿದೆ?"

ಜಕ್ಕವ್ವ ಒಂದು ಬುಟ್ಟಿ ಬೂದಿ ತಂದು ಅವನ ಮುಂದಿಟ್ಟಳು.

"ಇದನ್ನು ಜರಡಿ ಹಿಡಿ."

ಓಬ ಜರಡಿ ಹಿಡಿದ. ಅವ್ವನಿಗೆ ಕಲಿಸಿದವರು ಸರಿಯಿರಲಿಲ್ಲವೇನೋ ಎಂದುಕೊಂಡ.

*

ಇಬ್ಬರೂ ಹೊರಟರು. ಹೆಗಲಿಗೆ ನೆಲುವು, ನೆಲುವಿನಲ್ಲಿ ಗಡಿಗೆ, ಬೆನ್ನಿಗೆ ಚಮರಿಮೃಗದ ಸಗಣಿಯ ಬೆರಣಿ ತುಂಬಿದ ಬುಟ್ಟಿ, ಕೈಗೆ ಊರುಗೋಲು.

ವರ್ಷದ ಆ ಕಾಲದಲ್ಲಿ ಅಲ್ಲಿ ಸೂರ್ಯ ಮುಳುಗುವುದಿಲ್ಲ. ಬೆಳಕು ಇರುತ್ತದೆ, ಬಿಸಿಲು ಇರುವುದಿಲ್ಲ. ಒಂದು ನಿದ್ದೆಗೆ ಒಂದು ದಿನ ಎಂದು ಎಣಿಸುತ್ತ ನಡೆಯಬೇಕು.

ಮೂರನೆಯ ದಿನ ಒಂದು ಪಾಳುಕೋಟೆ ಸಿಕ್ಕಿತು. ಗೋಡೆ ಮೂರಾಳೆತ್ತರ. ಬಾಗಿಲು ಅರ್ಧ ತೆರೆದಿತ್ತು. ಬಾಗಿಲ ಮುಂದೆ ಒಂದು ಚಪ್ಪಟೆ ಕಲ್ಲು, ಕಲ್ಲಿನ ಮೇಲೆ ಒಂದು ಗಡಿಗೆ. ಕಲ್ಲಿನಿಂದ ಹನ್ನೆರಡು ಹೆಜ್ಜೆ ದೂರದಲ್ಲಿ ಹಿಮದ ಒಂದು ಸಣ್ಣ ದಿಬ್ಬ.

"ಆ ದಿಬ್ಬ ಏನವ್ವ?"

"ನಮ್ಮವನು."

ಜಕ್ಕವ್ವ ಅವನನ್ನು ಒಳಗೆ ಕರೆದುಕೊಂಡು ಹೋದಳು. ಪಡಸಾಲೆಯ ನಡುವೆ ಒಲೆಗುಂಡಿ. ಸುತ್ತ ನಲವತ್ತು ಜನ ಕೂತಿದ್ದರು. ಎಲ್ಲರ ಕೈಯೂ ಒಲೆಯ ಕಡೆಗೆ ಚಾಚಿತ್ತು. ಎಲ್ಲರ ರೆಪ್ಪೆಯ ಮೇಲೂ ಹಿಮ ಕೂತಿತ್ತು. ಯಾವ ಕಾಲಕ್ಕೆ ಸತ್ತರೋ, ಅಲ್ಲಿ ಯಾವುದೂ ಕೊಳೆಯುವುದಿಲ್ಲ.

"ಕೆಂಡ ಬಾಗಿಲಲ್ಲೇ ಇತ್ತಲ್ಲ ಅವ್ವ."

"ಇತ್ತು."

"ಮತ್ತೆ?"

"ನೀರು ಚಿಮುಕಿಸುವವನು ಮೊದಲು ಸತ್ತ. ಉಳಿದವರು ಮುಟ್ಟೋ ಹಾಗಿರಲಿಲ್ಲ."

ಕೋಟೆಗಳ ನಿಯಮ ಹೀಗಿತ್ತು. ಕೆಂಡದವರು ಗಡಿಗೆಯನ್ನು ಕಲ್ಲಿನ ಮೇಲಿಟ್ಟು ಹನ್ನೆರಡು ಹೆಜ್ಜೆ ಹಿಂದೆ ಸರಿಯಬೇಕು. ಒಳಗಿನವನೊಬ್ಬ ಬಂದು ಗಡಿಗೆಗೂ ಕೆಂಡಕ್ಕೂ ಮೂರು ಸಲ ನೀರು ಚಿಮುಕಿಸಬೇಕು. ಆಮೇಲೆ ಮುಟ್ಟಬೇಕು. ಕೆಂಡದ ಮೇಲೆ ನೀರು ಚಿಮುಕಿಸಿದರೆ ಏನಾಗುತ್ತದೆ? ಅರ್ಧ ಸಾಯುತ್ತದೆ. ಕೆಂಡದವರು ಅರೆಸತ್ತ ಬೆಂಕಿ ತರುತ್ತಾರೆ ಎಂದು ಕೋಟೆಯವರು ಬೈಯುತ್ತಿದ್ದರು. ಬೆಂಕಿ ತಂದವನಿಗೆ ಆ ಬೆಂಕಿಯ ಮುಂದೆ ಕೂರುವ ಹಕ್ಕಿರಲಿಲ್ಲ. ಇದನ್ನು ಯಾವ ದೇವರು ಹೇಳಿದ ಎಂದು ಕೇಳಬೇಡಿ. ಬೆಚ್ಚಗೆ ಕೂತವರು ಹೇಳಿದರು, ಅಷ್ಟೇ.

"ಮೂರ್ಖರು," ಎಂದ ಓಬ. "ಬಾಗಿಲಲ್ಲಿ ಬೆಂಕಿ ಇಟ್ಟುಕೊಂಡು ಸತ್ತಿದ್ದಾರೆ. ಹೊರಗಿದ್ದ ನಮ್ಮವನಾದರೂ ಬಾಗಿಲು ದಾಟಿ ಒಳಗೆ ಬರಬಾರದಿತ್ತಾ? ನಾನಾಗಿದ್ದರೆ ಬರ್ತಿದ್ದೆ."



"ಬಂದು?" ಎಂದಳು ಜಕ್ಕವ್ವ.



*

ನಾಲ್ಕನೆಯ ದಿನ ಸೀಳುನೆಲ. ಹಿಮದಲ್ಲಿ ಉದ್ದುದ್ದ ಬಿರುಕುಗಳು, ತಳ ಕಾಣದವು. ಮಂಡಿಯೂರಿ ತೆವಳಬೇಕು. ಮಂಡಿಯಿಂದ ಚಳಿ ಏರಿ ಸೊಂಟಕ್ಕೆ ಬಂತು, ಸೊಂಟದಿಂದ ಎದೆಗೆ.

ಜಕ್ಕವ್ವ ಮುಂದಿದ್ದಳು. ಓಬ ಹಿಂದೆ ಬಿದ್ದ. ಗಡಿಗೆಯ ಮುಚ್ಚಳ ತೆಗೆದ. ಬೂದಿ ಸರಿಸಿ ಊದಿದ.

ಕೆಂಡ ಕೆಂಪಗೆ ಕಣ್ಣು ಬಿಟ್ಟಿತು. ಮುಖಕ್ಕೆ ಕಾವು ತಾಗಿತು. ಇನ್ನೊಂದು ಸಲ, ಎಂದುಕೊಂಡ. ಆಮೇಲೆ ಇನ್ನೊಂದು ಸಲ.

ನಿದ್ದೆಯಿಂದ ಎದ್ದು ಅಂಗೈ ಇಟ್ಟರೆ ಗಡಿಗೆ ತಣ್ಣಗಿತ್ತು.

ಹೇಳಬೇಕು ಎಂದುಕೊಂಡ. ಎರಡು ಮಾತು. ಜಕ್ಕವ್ವ ಪಕ್ಕದಲ್ಲೇ ಕೂತು ಕಾಲ್ಮರೆಗೆ ಒಣಹುಲ್ಲು ತುರುಕಿಕೊಳ್ಳುತ್ತಿದ್ದಳು. ಐದು ವರ್ಷ ಕಲಿಸಿದವಳು. ಇವನಂಥ ಕೈ ಇನ್ನೊಬ್ಬರಿಗಿಲ್ಲ ಎಂದು ಉಳಿದ ಶಿಷ್ಯರ ಮುಂದೆ ಹೇಳಿದವಳು.

"ಕೆಂಡ ಹೇಗಿದೆ?" ಎಂದು ಅವಳೇ ಕೇಳಿದಳು.

"ಇದೆ ಅವ್ವ."

"ಬೆರಣಿ ಹಾಕಿದೆಯಾ?"

"ಹಾಕ್ತೀನಿ."

ಅವಳು ನೋಡಲಿ ಎಂದು ತಣ್ಣನೆಯ ಬೂದಿಯೊಳಗೆ ಒಂದು ಬೆರಣಿ ಮುರಿದು ಹಾಕಿದ. ಜಕ್ಕವ್ವ ನೋಡಿದಳು. ಕಾಲ್ಮರೆ ಬಿಗಿದುಕೊಂಡು ಎದ್ದಳು.

ಸತ್ತ ಗಡಿಗೆಯನ್ನು ಎರಡು ದಿನ ಎದೆಗವಚಿಕೊಂಡು ನಡೆದ. ಏಳನೆಯ ದಿನ ದೂರದಲ್ಲಿ ಕೋಟೆಯ ಗೋಡೆ ಕಂಡಾಗ ಕೊನೆಯ ಬಿರುಕಿನೊಳಗೆ ಅದನ್ನು ಜಾರಿಸಿಬಿಟ್ಟ. ಬಿದ್ದ ಸದ್ದು ಬರುತ್ತದೆಂದು ಕಾದ. ಬರಲಿಲ್ಲ.

*

ಅದು ಹಲ್ಲುಕೋಟೆ. ಗೋಡೆಯ ಅಂಚಿನುದ್ದಕ್ಕೂ ಹಿಮದ ಕೋಲುಗಳು ಹಲ್ಲಿನಂತೆ ಇಳಿಬಿದ್ದಿದ್ದವು.

ಅವರ ಹಿಂದೆಯೇ ಕುರುಡುಗಾಳಿ ಬರುತ್ತಿತ್ತು. ಅದು ಬಂದರೆ ಚಾಚಿದ ಕೈ ತನಗೇ ಕಾಣುವುದಿಲ್ಲ.

ಜಕ್ಕವ್ವ ಗಡಿಗೆಯನ್ನು ಕಲ್ಲಿನ ಮೇಲಿಟ್ಟಳು. ಹನ್ನೆರಡು ಹೆಜ್ಜೆ ಎಣಿಸಿಕೊಂಡು ಹಿಂದೆ ಸರಿದಳು.

"ಕೆಂಡ ತಂದಿದ್ದೀವಿ ಬುದ್ಧಿ," ಎಂದು ಕೂಗಿದಳು.

ಬಾಗಿಲ ಮೇಲಿನ ಕಿಂಡಿಯಲ್ಲಿ ಕಾವಲುಗಾರನ ಮುಖ ಕಾಣಿಸಿತು.

"ಒಳಗೆ ಹೆರಿಗೆಯಾಗಿದೆ. ಮಗುವಿಗೆ ಇವತ್ತು ಎಂಟನೇ ದಿನ. ಹನ್ನೊಂದು ತುಂಬೋವರೆಗೂ ಹೊರಗಿನ ಕೆಂಡ ಒಳಗೆ ಬರಕೂಡದು. ಅಲ್ಲೇ ಬಿದ್ದಿರು."

"ಕುರುಡುಗಾಳಿ ಬರ್ತಾ ಇದೆ ಬುದ್ಧಿ."

"ಬರಲಿ ಬಿಡು. ಅದಕ್ಕೂ ಬಾಗಿಲು ತೆಗೆಯೋದಿಲ್ಲ." ತನ್ನ ಮಾತಿಗೆ ತಾನೇ ನಕ್ಕ. ಆಮೇಲೆ ಓಬನನ್ನು ನೋಡಿದ. "ಲೇ, ನಿನ್ನ ಗಡಿಗೆ ಎಲ್ಲೋ?"

ಓಬ ಕೈಗಳನ್ನು ಬೆನ್ನ ಹಿಂದೆ ಸರಿಸಿದ.

"ಕೈ ತೋರಿಸೋ."

ಓಬ ಕೈಗವಸು ಕಳಚಿ ಎರಡೂ ಅಂಗೈ ಎತ್ತಿ ತೋರಿಸಿದ. ನಯವಾದ ಕೈ. ಒಂದು ಕಲೆಯೂ ಇಲ್ಲದ ಕೈ.

ಕಾವಲುಗಾರನ ದನಿ ಬದಲಾಯಿತು.

"ಸುಟ್ಟ ಕಲೆಯೇ ಇಲ್ಲ, ನೀವು ಕೆಂಡದವರಲ್ಲ ಅಲ್ವಾ? ಯಾವ ಕೋಟೆಯವರು?"

ಗಾಳಿ ಹತ್ತಿರ ಬಂತು. ಓಬನ ಹಲ್ಲು ಕಟಕಟ ಎನ್ನುತ್ತಿತ್ತು. ಬಾಗಿಲ ಸಂದಿಯಿಂದ ಹೊಗೆಯ ವಾಸನೆ ಬರುತ್ತಿತ್ತು, ಬೇಯುತ್ತಿದ್ದ ಗಂಜಿಯ ವಾಸನೆ ಬರುತ್ತಿತ್ತು.

"ದಾರಿ ತಪ್ಪಿ ಬಂದೆ," ಎಂದ.

"ಈ ಮುದುಕಿ?"

ಓಬ ತಿರುಗಿ ನೋಡಲಿಲ್ಲ.

"ದಾರಿಯಲ್ಲಿ ಸಿಕ್ಕಳು."

ಹಿಂದಿನಿಂದ ಜಕ್ಕವ್ವನ ದನಿ ಕೇಳಿಸಿತು.

"ಹೌದು ಬುದ್ಧಿ. ದಾರಿಯಲ್ಲಿ ಸಿಕ್ಕಿದರು. ಬೇಗ ಒಳಗೆ ಕರಕೊಳ್ಳಿ, ನಡುಗ್ತಾ ಇದ್ದಾರೆ."

*

ಒಳಗೆ ಬೆಂಕಿ ಇತ್ತು.

ಪಡಸಾಲೆಯಲ್ಲಿ ಕೋಟೆಯ ಮೂವತ್ತು ಜನರೂ ಒಂದೇ ಒಲೆಗುಂಡಿಯ ಸುತ್ತ ಸೇರಿದ್ದರು. ಬೆಂಕಿಗೆ ತೀರ ಹತ್ತಿರದಲ್ಲಿ ಬಾಣಂತಿ ಸಾತಮ್ಮ, ಮಡಿಲಲ್ಲಿ ಮಗು. ಅವಳು ತನ್ನ ಪಾಲಿನ ಗಂಜಿಯನ್ನು ಓಬನ ಕಡೆ ಸರಿಸಿದಳು.

"ಕುಡೀರಣ್ಣ. ತುಟಿ ಒಡೆದುಹೋಗಿದೆ ನಿಮ್ಮದು."

ಓಬ ಕುಡಿದ.

"ಹೊರಗೆ ಯಾರೋ ಕೆಂಡದವಳು ಕೂತಿದ್ದಾಳಂತೆ. ಈ ಗಾಳಿಗೆ ಬದುಕ್ತಾಳಾ?"

"ಗೊತ್ತಿಲ್ಲ."

"ಹೆಸರೇನಂತೆ?"

"ಕೇಳಲಿಲ್ಲ," ಎಂದ. ಗಂಜಿ ಬಿಸಿಯಾಗಿತ್ತು.  ಪೂರ್ತಿ ಕುಡಿದ.

ಒಂದು ನಿದ್ದೆ ಮಾಡಿ ಎದ್ದು ಒಲೆಯನ್ನು ನೋಡಿದ. 

ಕೆಂಡದ ಮೇಲೆ ಬೂದಿಯೇ ಇರಲಿಲ್ಲ. ಕೋಟೆಯವರಿಗೆ ಬೂದಿ ಎಂದರೆ ಮೈಲಿಗೆ. ಎದ್ದ ಕೂಡಲೇ ಅದನ್ನೆಲ್ಲ ಬಾಚಿ ಗೋಡೆಯಾಚೆ ಎಸೆಯುತ್ತಿದ್ದರು. ಬರಿಮೈ ಕೆಂಡಕ್ಕೆ ಕೋಟೆಯ ಯಜಮಾನ ತಾನೇ ಕೂತು ಗಾಳಿ ಹಾಕುತ್ತಿದ್ದ. ನೆರೆತ ಗಡ್ಡದ, ಮೆತ್ತಗೆ ಮಾತಾಡುವ ಮನುಷ್ಯ. ಹಾಕಿದಷ್ಟೂ ಕೆಂಡ ಹೊಳೆಯುತ್ತಿತ್ತು, ಹೊಳೆದಷ್ಟೂ ಸಣ್ಣದಾಗುತ್ತಿತ್ತು.

ಎರಡು ಹಿಡಿ ಬೂದಿ, ಅರ್ಧ ಬೆರಣಿ, ಮೇಲೊಂದು ಮುಚ್ಚಳ. ಅಷ್ಟಾದರೆ ಮೂರು ದಿನ ತಡೆಯುತ್ತದೆ. ಓಬನ ಬೆರಳು ತಮ್ಮಷ್ಟಕ್ಕೆ ಆಡಿದವು.

ಆದರೆ ಮಾಡಿದರೆ ಕೇಳುತ್ತಾರೆ. ಇದು ನಿನಗೆ ಹೇಗೆ ಗೊತ್ತು ಎಂದು ಕೇಳುತ್ತಾರೆ.

ಓಬ ಎರಡೂ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಕೂತ.

ಎರಡನೆಯ ದಿನ ಕೆಂಡ ಮುಷ್ಟಿಯಷ್ಟಾಯಿತು. ಹೊರಗೆ ಗಾಳಿ ಗೋಡೆಗೆ ಬಡಿಯುತ್ತಿತ್ತು. ಗೋಡೆಯಾಚೆ ಅವ್ವ ಇದ್ದಳು. ಈಚೆ ಅವ್ವ ಕಲಿಸಿದ ವಿದ್ಯೆ ಕಂಕುಳಲ್ಲಿತ್ತು. ಓಬ ಎದ್ದ. ಎಲ್ಲರೂ ಅವನನ್ನು ನೋಡಿದರು. ಮತ್ತೆ ಕೂತ.

ಮೂರನೆಯ ದಿನ ಒಲೆ ಆರಿತು.

ಮಗು ಮೊದಲು ಜೋರಾಗಿ ಅತ್ತಿತು. ಆಮೇಲೆ ಸಣ್ಣಗೆ ಅತ್ತಿತು. ಆಮೇಲೆ ಸುಮ್ಮನಾಯಿತು. ಸಾತಮ್ಮ ಅದನ್ನು ರವಿಕೆಯೊಳಗೆ ಸೇರಿಸಿಕೊಂಡು ಉಜ್ಜುತ್ತಿದ್ದಳು. ಮಗುವಿನ ತುಟಿ ನೀಲಿಗಟ್ಟಿತ್ತು.

"ಕಲ್ಲಿನ ಮೇಲಿನ ಕೆಂಡ ತರಿಸಬೇಕು," ಎಂದ ಯಜಮಾನ.

"ಹನ್ನೊಂದು ತುಂಬಿಲ್ಲವಲ್ಲ," ಎಂದರು ಯಾರೋ.

ಯಜಮಾನ ಓಬನನ್ನು ನೋಡಿದ. "ಇವರು ನಮ್ಮ ಕೋಟೆಯವರಲ್ಲ. ಕೆಂಡದವರೂ ಅಲ್ಲ. ಇವರು ತಂದರೆ ದೋಷ ತಟ್ಟೋದಿಲ್ಲ."

ಹೊದಿಕೆಯೊಳಗಿಂದ ಒಂದು ತಾಮ್ರದ ತಂಬಿಗೆ ತೆಗೆದ. ಅದರಲ್ಲಿ ನೀರಿತ್ತು. ಚಿಮುಕಿಸುವ ನೀರು ಹೆಪ್ಪುಗಟ್ಟಬಾರದೆಂದು ಅವನು ಅದನ್ನು ಮೂರು ದಿನ ಹೊಟ್ಟೆಗೆ ಒತ್ತಿಕೊಂಡು ಮಲಗಿದ್ದ. ಆ ಕಾವನ್ನು ಮಗುವಿಗೆ ಕೊಡಬಹುದೆಂದು ಅಲ್ಲಿದ್ದ ಒಬ್ಬರಿಗೂ ಹೊಳೆದಿರಲಿಲ್ಲ.

"ಮೂರು ಸಲ ಚಿಮುಕಿಸಿ. ಆಮೇಲೆ ಮುಟ್ಟಿ," ಎಂದ.

*

ಗಾಳಿ ನಿಂತಿತ್ತು.

ಕಲ್ಲಿನ ಮೇಲೆ ಗಡಿಗೆ ಇರಲಿಲ್ಲ. ಹನ್ನೆರಡು ಹೆಜ್ಜೆ ದೂರದಲ್ಲಿ ಹಿಮದ ಒಂದು ದಿಬ್ಬ ಇತ್ತು.



ದಿಬ್ಬ ಅಲುಗಾಡಿತು. ಹಿಮ ಉದುರಿಸಿಕೊಂಡು ಜಕ್ಕವ್ವ ಎದ್ದಳು. ಗಡಿಗೆ ಅವಳ ಮಡಿಲಲ್ಲಿತ್ತು. ಬೆರಣಿಯ ಬುಟ್ಟಿ ಇರಲಿಲ್ಲ, ಅದನ್ನೂ ಕೆಂಡಕ್ಕೆ ತಿನ್ನಿಸಿದ್ದಳು. ಊರುಗೋಲು ಇರಲಿಲ್ಲ. ಕಾಲ್ಮರೆಯೊಳಗಿನ ಹುಲ್ಲು ಇರಲಿಲ್ಲ. ಬೆಂದ ಅಂಗೈಗೆ ಕಾವು ತಿಳಿಯದೆ ಕೆನ್ನೆ ಇಟ್ಟು ನೋಡಿಕೊಂಡಿದ್ದಳು, ಕೆನ್ನೆಯ ಮೇಲೆ ಬೊಬ್ಬೆ ಎದ್ದಿತ್ತು.

ಅವಳು ನಡೆದು ಬಂದು ಗಡಿಗೆಯನ್ನು ಕಲ್ಲಿನ ಮೇಲಿಟ್ಟಳು. ಹನ್ನೆರಡು ಹೆಜ್ಜೆ ಎಣಿಸಿಕೊಂಡು ಹಿಂದೆ ಸರಿದಳು.

"ತಗೊಳ್ಳಿ ಬುದ್ಧಿ," ಎಂದಳು.

"ಅವ್ವ, ನಾನು."

"ಹುಷಾರು ಬುದ್ಧಿ. ನನ್ನ ನೆರಳು ತಾಗೀತು."

ಓಬ ಅವಳ ಕಡೆಗೆ ಒಂದು ಹೆಜ್ಜೆ ಇಟ್ಟ. ಅವಳು ಒಂದು ಹೆಜ್ಜೆ ಹಿಂದೆ ಹೋದಳು. ಅವನು ಎರಡು ಹೆಜ್ಜೆ ಇಟ್ಟ. ಅವಳು ಎರಡು ಹೆಜ್ಜೆ ಹಿಂದೆ ಹೋದಳು, ತೂರಾಡಿದಳು. ಓಬ ನಿಂತ.

"ಅವ್ವ, ನಾನು ಓಬ."

"ಆ ಹೆಸರಿನವನು ನನ್ನ ಶಿಷ್ಯ ಒಬ್ಬ ಇದ್ದ. ದಾರಿಯಲ್ಲೇ ಕಳೆದುಹೋದ. ಮಗುವಿನ ಅಳು ನಿಂತು ಬಹಳ ಹೊತ್ತಾಯಿತು ಬುದ್ಧಿ. ಬೇಗ ಮಾಡಿ."

ಗೋಡೆಯಾಚೆ ಕೂತು ಅವಳು ಮೂರು ದಿನ ಆ ಅಳು ಕೇಳಿದ್ದಳು.

"ನೀರು ಚಿಮುಕಿಸಿ," ಎಂದು ಕಿಂಡಿಯಿಂದ ಕಾವಲುಗಾರ ಕೂಗಿದ.

ಓಬ ಕೈಯಲ್ಲಿದ್ದ ತಂಬಿಗೆ ನೋಡಿದ. ಕಾವಲುಗಾರನನ್ನು ನೋಡಿದ.  ಬಾಯಿ ತೆರೆದ. ದನಿ ಬರಲಿಲ್ಲ. ಮತ್ತೆ ತೆರೆದ.

"ನನ್ನದು ಆರಿದೆ," ಎಂದ.



"ನನ್ನದು ಆರಿದೆ ಅವ್ವ," ಎಂದು ಕಿಂಡಿಗೂ ಕೇಳುವಂತೆ ಕೂಗಿದ. "ಸೀಳುನೆಲದಲ್ಲೇ ಆರಿತು. ಊದಿಬಿಟ್ಟೆ. ಹೇಳಲಿಲ್ಲ."

"ಅರ್ಧ ತಗೋ," ಎಂದಳು ಜಕ್ಕವ್ವ.

ಕಟ್ಟಳೆ ಅಷ್ಟೇ. ಬೈಯುವ ಹಾಗಿಲ್ಲ, ಹೇಗೆ ಎಂದು ಕೇಳುವ ಹಾಗಿಲ್ಲ.

ಓಬನ ಹತ್ತಿರ ಗಡಿಗೆ ಇರಲಿಲ್ಲ. ತಂಬಿಗೆಯ ನೀರನ್ನು ಹಿಮಕ್ಕೆ ಚೆಲ್ಲಿದ. ಅಂಗಿಯ ತುದಿಯಿಂದ ಒಳಗೆ ಒರೆಸಿದ. ತಳಕ್ಕೆ ಬೂದಿ ಹಾಸಿ, ಅರ್ಧ ಕೆಂಡ ತೆಗೆದಿಟ್ಟು, ಮೇಲೆ ಬೂದಿ ಮುಚ್ಚಿದ.

"ಏನ್ರೀ ಅದು, ನೀರು ಚೆಲ್ಲಿಬಿಟ್ರಿ?" ಎಂದು ಕಿಂಡಿ ಕೇಳಿತು.

"ಇನ್ನೊಂದು ಹಿಡಿ ಹಾಕು," ಎಂದಳು ಜಕ್ಕವ್ವ. "ತಾಮ್ರ ಬೇಗ ಕಾಯುತ್ತೆ."

*

ಓಬ ಒಲೆಗುಂಡಿಯ ಮುಂದೆ ಮಂಡಿಯೂರಿದ. ತಂಬಿಗೆ ಬೋರಲು ಹಾಕಿ ಕೆಂಡ ಜೋಡಿಸಿದ. ಸುತ್ತ ಬೆರಣಿ ಚೂರು ಇಟ್ಟ. ಬೂದಿ ಬಾಚಲು ಯಾರೋ ಕೈ ಚಾಚಿದರು. ಅವರ ಕೈ ಸರಿಸಿದ.

"ಊದಿ," ಎಂದ ಯಜಮಾನ.

"ಊದಬಾರದು. ಕಾಯಬೇಕು."

"ಇದು ನಿಮಗೆ ಹೇಗೆ ಗೊತ್ತು?"

ಬಂತು, ಎಂದುಕೊಂಡ ಓಬ. ಮೂರು ದಿನ ಹೆದರಿದ ಮಾತು ಇಷ್ಟೇ ಆಗಿತ್ತು.

"ನಾನು ಕೆಂಡದವನು. ಹೊರಗೆ ಇರುವವಳು ನನ್ನ ಗುರು. ಜಕ್ಕವ್ವ ಅಂತ ಹೆಸರು."

ಎಲ್ಲರೂ ಅವನಿಂದ ದೂರ ಸರಿದರು. ಬೆಂಕಿಯಿಂದ ಒಬ್ಬರೂ ಸರಿಯಲಿಲ್ಲ.

ಬೆರಣಿ ಹೊಗೆಯಾಡಿತು, ಹತ್ತಿಕೊಂಡಿತು. ಬಹಳ ಹೊತ್ತಾದ ಮೇಲೆ ಮಗು ಕೆಮ್ಮಿತು. ಆಮೇಲೆ ಅತ್ತಿತು.

ಸಾತಮ್ಮ ಓಬನನ್ನೇ ನೋಡುತ್ತಿದ್ದಳು.

"ಬೂದಿ ಹಾಕಬೇಕು ಅಂತ ಮೊನ್ನೆಯೇ ಗೊತ್ತಿತ್ತಾ ನಿಮಗೆ?"

"ಗೊತ್ತಿತ್ತು."

"ಮಗು ನೀಲಿಯಾಗೋದನ್ನು ನೋಡ್ತಾ ಕೂತಿದ್ರಾ?"

ಓಬ ಒಂದು ಬೆರಣಿ ಚೂರನ್ನು ಒಲೆಯೊಳಗೆ ಸರಿಸಿದ.

"ನಾನು ನಿಮಗೆ ಗಂಜಿ ಕೊಟ್ಟೆ," ಎಂದಳು ಸಾತಮ್ಮ.

ಅವಳು ಈಗಲೂ 'ನೀವು' ಎನ್ನುತ್ತಿದ್ದಳು. ಬೈದಿದ್ದರೆ ಓಬ ತಡೆದುಕೊಳ್ಳುತ್ತಿದ್ದ.

ಯಜಮಾನ ಹತ್ತಿರ ಬಂದ. ಹತ್ತಿರ ಎಂದರೆ ಹನ್ನೆರಡು ಹೆಜ್ಜೆಗಿಂತ ಒಂದೆರಡು ಕಡಿಮೆ.

"ನೋಡಪ್ಪ," ಎಂದ ಮೆತ್ತಗೆ. "ಆದದ್ದು ಆಯಿತು. ನೀನು ಹೇಳಿದ್ದನ್ನು ನಾವು ಕೇಳಿಲ್ಲ ಅಂದುಕೊಳ್ತೀವಿ. ನಿನ್ನ ಕೈ ನೋಡಿದರೆ ಯಾರೂ ಹೇಳಲಾರರು. ಒಲೆ ನೋಡಿಕೊಂಡು ಇಲ್ಲೇ ಇರು. ಊಟ ಇದೆ, ಹಾಸಿಗೆ ಇದೆ."

"ಅವ್ವ?"

"ಅವಳ ಕೈ ಎಲ್ಲರೂ ನೋಡಿದ್ದಾರಲ್ಲಪ್ಪ."

ಓಬನ ಬೆನ್ನಿಗೆ ಬೆಂಕಿ ಬೆಚ್ಚಗಿತ್ತು. ಸುಳ್ಳು ಹೇಳಬಾರದು, ಒಂದು ಗಳಿಗೆ ಅವನ ಮೈ ಹೂಂ ಎಂದಿತು. ಆ ಗಳಿಗೆಯನ್ನು ಅವನು ಮುಂದೆ ಎಂದೂ ಮರೆಯಲಿಲ್ಲ.

"ಆಗೋದಿಲ್ಲ," ಎಂದ.

ಹೋಗುವ ಮೊದಲು ಒಲೆಯ ಮುಂದೆ ಕೂತು, ಬೂದಿ ಎಷ್ಟು, ಬೆರಣಿ ಎಷ್ಟು, ಅಂಗೈ ಎಲ್ಲಿಡಬೇಕು ಎಂದು ತೋರಿಸಿದ. ನೋಡಲು ಬಂದವಳು ಸಾತಮ್ಮ ಒಬ್ಬಳೇ. ಎರಡು ಸಲ ತಪ್ಪಿದಳು, ಮೂರನೆಯ ಸಲ ಅವಳ ಕೈಗೆ ಹತ್ತಿತು. ಬೂದಿಯಾದ ಕೈಯಲ್ಲೇ ಮಗುವನ್ನು ಎತ್ತಿಕೊಂಡು ಯಜಮಾನನ ಕಡೆ ತಿರುಗಿದಳು.

"ಮಾವ, ಈ ಕೆಂಡಕ್ಕೆ ನೀರು ಬಿದ್ದಿಲ್ಲ. ಇದರ ಕಾ‌ವಿನಿಂದ ಮಗು ಬದುಕಿತು. ಈಗ ನನ್ನ ಮಗು ಒಳಗಿನದೋ ಹೊರಗಿನದೋ?"

ಯಜಮಾನ ಬೆಂಕಿಗೆ ಕೈ ಕಾಯಿಸುತ್ತ ನಿಂತ. 

ಸಾತಮ್ಮ ಒಂದು ಕುಡಿಕೆ ಗಂಜಿ ಬಿಸಿಮಾಡಿ ತಂದು ಓಬನ ಕೈಗಿಟ್ಟಳು.

"ಇದು ನಿಮಗಲ್ಲ," ಎಂದಳು. "ಅವರಿಗೆ."

*

ಬಾಗಿಲು ಹಿಂದೆ ಮುಚ್ಚಿಕೊಂಡಿತು. ಅವನು ಕೂತಿದ್ದ ಜಾಗಕ್ಕೆ ನೀರು ಚಿಮುಕಿಸಿ ಎಂದು ಯಾರೋ ಹೇಳುವುದು ಕೇಳಿಸಿತು.

ಓಬ ಕಲ್ಲನ್ನು ದಾಟಿ ಹನ್ನೆರಡು ಹೆಜ್ಜೆ ನಡೆದ. ಈ ಸಲ ಜಕ್ಕವ್ವ ಹಿಂದೆ ಸರಿಯಲಿಲ್ಲ. ಮುರುಟಿದ ಬೆರಳುಗಳಲ್ಲಿ ಕುಡಿಕೆ ಹಿಡಿದು ಗಂಜಿ ಕುಡಿದಳು.

"ಉಪ್ಪು ಕಡಿಮೆ," ಎಂದಳು.

ಇಬ್ಬರೂ ನಡೆದರು. ಕೋಟೆ ಕಣ್ಣಿಗೆ ಮರೆಯಾಯಿತು. ಒಂದು ಬಂಡೆಯ ಮರೆಯಲ್ಲಿ ಕೂತಾಗ ಓಬ ಅವಳ ಕಾಲು ಹಿಡಿದುಕೊಂಡ.

"ಏನಾದರೂ ಶಿಕ್ಷೆ ಕೊಡು ಅವ್ವ."

"ಕಾಲು ಬಿಡು. ಮೊದಲೇ ಚಳಿ ಹಿಡಿದಿದೆ."

"ನಿನಗೆ ಗೊತ್ತಿತ್ತಾ? ನನ್ನ ಗಡಿಗೆ ಆರಿದ್ದು?"

"ಗೊತ್ತಿತ್ತು."

"ನೀನೇ ಯಾಕೆ ಹೇಳಲಿಲ್ಲ?"

"ಆರಿದ್ದು ನನ್ನದಲ್ಲವಲ್ಲ."

ಓಬ ತನ್ನ ಕೈಗಳನ್ನು ನೋಡಿದ. ನಯವಾದ ಕೈ. ಕಿಂಡಿಗೆ ಎತ್ತಿ ತೋರಿಸಿದ ಕೈ. ಕಂಕುಳಲ್ಲಿ ಅಡಗಿದ ಕೈ. ಮೆಲ್ಲಗೆ ಗಡಿಗೆಯ ಮುಚ್ಚಳ ತೆಗೆದು, ಬೂದಿ ಸರಿಸಿದ.

"ಏನು ಮಾಡ್ತಿದ್ದೀಯ?"

"ಈ ಕೈಯಿಂದಲೇ ಅವರು ನನ್ನನ್ನು ಒಳಗೆ ಬಿಟ್ಟರು. ಇದನ್ನು ಸುಟ್ಟುಬಿಡ್ತೀನಿ. ಇನ್ನೊಂದು ಸಲ ಯಾವ ಕಿಂಡಿಯೂ ನನ್ನನ್ನು ಒಳಗಿನವನು ಅನ್ನಬಾರದು."

ಜಕ್ಕವ್ವ ಅವನ ಕೈ ತಳ್ಳಿ ಮುಚ್ಚಳ ಹಾಕಿದಳು.

"ಸುಟ್ಟ ಕೈಗೆ ಕಾವು ತಿಳಿಯೋದಿಲ್ಲ. ನಾನು ಕೆನ್ನೆ ಇಟ್ಟು ನೋಡಿದ್ದು ಕಾಣಲಿಲ್ವಾ? ನನ್ನ ಇನ್ನೊಂದು ಕೆನ್ನೆ ಉಳಿಸು. ಮುಟ್ಟಿ ಹೇಳು, ಎಷ್ಟಿದೆ?"

ಓಬ ಗಡಿಗೆಗೆ ಅಂಗೈ ಇಟ್ಟ. ಕಣ್ಣು ತುಂಬಿ ಬಂದು, ತುಂಬಿದ ನೀರು ರೆಪ್ಪೆಯಲ್ಲೇ ಹೆಪ್ಪುಗಟ್ಟಿತು.

"ಅರ್ಧ ಹಿಡಿ ಬೂದಿ ಬೇಕು ಅವ್ವ."

"ಹಾಕು."

ಹಾಕಿದ. ಅವಳ ಕೈ ಅವನ ಕೈಯ ಪಕ್ಕದಲ್ಲೇ ಇತ್ತು. ಐದು ವರ್ಷ ನೋಡಿದ ಕೈ. ಈಗ ಮೊದಲ ಸಲ ನೋಡುವವನಂತೆ ನೋಡಿದ. ಎರಡು ಅಂಗೈಯೂ ಒಂದೇ ಸಮ ಬೆಂದಿದ್ದವು. ಕೆಲಸ ಮಾಡುವಾಗ ಅಕಸ್ಮಾತ್ತಾಗಿ ಸುಟ್ಟ ಕೈ ಹಾಗಿರುವುದಿಲ್ಲ.

"ಅವ್ವ, ನಿನ್ನ ಕೈ ಸುಟ್ಟವರು ಯಾರು?"

"ನಾನೇ."

"ಯಾಕೆ?"

ಜಕ್ಕವ್ವ ಎದ್ದಳು. ಗಡಿಗೆಯನ್ನು ನೆಲುವಿಗೆ ಸೇರಿಸಿ, ನೆಲುವನ್ನು ಅವನ ಹೆಗಲಿಗೆ ಹಾಕಿದಳು.

"ನೀನು ಮೂರು ದಿನ ಒಳಗಿದ್ದೆ," ಎಂದಳು. "ನಾನು ಒಂಬತ್ತು ವರ್ಷ ಇದ್ದೆ."